ತೋರುಬೆರಳು

ಕೂಸಿನ ಬಾಳಿನಲ್ಲಿ ಸಂಭವಿಸುವ ಸಣ್ಣಪುಟ್ಟ ವಿಜಯಗಳಿಗೆಲ್ಲ ನಮ್ಮ ಹಿರಿಯರು ಒಂದಲ್ಲ ಒಂದು ಸಡಗರವನ್ನು ಗೊತ್ತುಪಡಿಸಿಯೇ ಹೋಗಿದ್ದಾರೆ. ಹೆಸರಿಡುವುದಕ್ಕೆ ತೊಟ್ಟಿಲು, ಜವಳಕ್ಕೆ ಮೈಲಾಪುರದ ಮಲ್ಲಯ್ಯನ ಗುಡ್ಡ, ಸಂಕ್ರಾಂತಿಗೆ ನೆತ್ತಿಯ ಮೇಲಿಂದ ಸುರಿಯುವ ಬಾರಿಹಣ್ಣು, ಅಕ್ಷರಾಭ್ಯಾಸಕ್ಕೆ ಅಕ್ಕಿಯ ತಟ್ಟೆ. ಆದರೆ ಮಗು ಮೊತ್ತಮೊದಲು ತೋರುಬೆರಳನ್ನು ನೀಡಿ ಏನನ್ನಾದರೂ ತೋರಿಸಿದ ದಿನಕ್ಕೆ ಮಾತ್ರ ಯಾವ ಶಾಸ್ತ್ರವೂ ಇಲ್ಲ. ವರ್ಷ ತುಂಬುವ ಹೊತ್ತಿಗೆ ಬಹುಮಟ್ಟಿಗೆ ಎಲ್ಲ ಮಕ್ಕಳೂ ಅದನ್ನು ತಾವಾಗಿಯೇ ಮಾಡುವುದರಿಂದ ಯಾರ ಗಮನವೂ ಅತ್ತ ಹರಿಯುವುದಿಲ್ಲವೆಂದು ತೋರುತ್ತದೆ. ನಮ್ಮ ಮನೆಯಲ್ಲಿ ಆ ಬೆರಳಿಗಾಗಿ ಐದನೆಯ ವರ್ಷದವರೆಗೆ ಕಾಯಬೇಕಾಗಿ ಬಂದುದರಿಂದ, ಅದರ ಚರಿತ್ರೆಯನ್ನು ಸಾವಕಾಶವಾಗಿ ಓದಿಕೊಳ್ಳುವಷ್ಟು ವ್ಯವಧಾನ ನನಗೆ ಒದಗಿತು.

ನಮ್ಮದು ಯಾದಗಿರಿಗೆ ಸಮೀಪದ ಹತ್ತಿಕುಣಿ. ಊರಿಗೊಂದು ಜಲಾಶಯವುಂಟು, ಸುತ್ತಲೂ ತೊಗರಿ ಜೋಳಗಳ ಹೊಲಗಳುಂಟು. ನನ್ನ ಮಗನಿಗೆ ಇವೆರಡರಲ್ಲಿ ಹೊಲವೇ ಪ್ರಿಯ, ಅದರಲ್ಲಿಯೂ ಸಾಲುಗಳು. ಜೋಳದ ಎರಡು ಸಾಲುಗಳ ನಡುವೆ ಒಂದು ತುದಿಯಿಂದ ಇನ್ನೊಂದು ತುದಿಗೆ, ಮತ್ತೆ ಆ ತುದಿಯಿಂದ ಈ ತುದಿಗೆ, ಹೊತ್ತು ಮುಳುಗುವವರೆಗೆ ನಡೆದರೂ ಅವನಿಗೆ ದಣಿವೆಂಬುದಿಲ್ಲ. ಯಾದಗಿರಿಯ ರೈಲು ನಿಲ್ದಾಣದ ಪ್ರಕಟಣೆಯನ್ನು ಗಾಡಿಯ ಸಂಖ್ಯೆಸಹಿತ ಮೂರು ಭಾಷೆಗಳಲ್ಲಿ ತಪ್ಪಿಲ್ಲದೆ ಒಪ್ಪಿಸಬಲ್ಲ ಈ ಪಂಡಿತನು, ಬಾಯಾರಿದಾಗ ಮಾತ್ರ ತನ್ನ ತಾಯಿಯದೇ ದನಿಯಲ್ಲಿ "ನೀರು ಬೇಕೇನು?" ಎಂದು ನಮ್ಮನ್ನೇ ಕೇಳುವನು, ಅದೂ ಸಾಲದೆ ಬಂದರೆ ನನ್ನ ಮಣಿಕಟ್ಟನ್ನು ಹಿಡಿದು, ಮುಖವನ್ನು ನೋಡದೆಯೇ, ಕೈಯನ್ನು ಎಳೆದೊಯ್ದು ಕೊಡದ ಮೇಲೆ ಇರಿಸುವನು. "ಗಂಡ್ಹುಡುಗ್ರಿಗಿ ಮಾತು ತಡಾನೇ ಬರ್ತದ, ಯಾಕ ಅಂಜ್ತೀರಿ?" ಎಂದು ಊರೆಲ್ಲ ಧೈರ್ಯ ಹೇಳಿತು. ಆ ಧೈರ್ಯವನ್ನು ಕಟ್ಟಿಕೊಂಡು ರೈಲು ಹತ್ತಿ, ಅರುವತ್ತರ ದಶಕದಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋದೆವು. ಆಟಿಸಂ ಎಂಬ ಮಾತನ್ನು ನಿಧಾನವಾಗಿ ವಿವರಿಸಿ ಹೇಳಿದವರು ಅಲ್ಲಿಯವರು. ಮನೆಯಲ್ಲಿ ಮಾಡಿಸಬೇಕಾದ ತೆರಪಿಯನ್ನು ನನ್ನಾಕೆಗೆ ಕಲಿಸಿಕೊಟ್ಟವರೂ ಅವರೇ.

ಈ ಸ್ಥಿತಿಗೆ ವೈದ್ಯಶಾಸ್ತ್ರದಲ್ಲಿ ಪ್ರತ್ಯೇಕ ಸ್ಥಾನ ದೊರೆತದ್ದು 1943ರಲ್ಲಿ, ಅಮೆರಿಕದ ಬಾಲ್ಟಿಮೋರ್ ನಗರದ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳನ್ನು ಕುರಿತು ಬರೆದ ಪ್ರಬಂಧದಿಂದ. ಅವರಲ್ಲಿ ಮೊದಲನೆಯವನು ಮಿಸಿಸಿಪಿ ಪ್ರಾಂತದ ಡೊನಾಲ್ಡ್ ಟ್ರಿಪ್ಲೆಟ್. 1938ರಲ್ಲಿ ಮಗನನ್ನು ವೈದ್ಯರಲ್ಲಿಗೆ ಕರೆದೊಯ್ಯುವ ಮುನ್ನ ಅವನ ತಂದೆ, ವೃತ್ತಿಯಿಂದ ವಕೀಲ, ಮಗನ ನಡೆನುಡಿಗಳನ್ನೆಲ್ಲ ವರ್ಣಿಸಿ 33 ಪುಟಗಳ ಪತ್ರವೊಂದನ್ನು ಬರೆಯಿಸಿದ್ದನಂತೆ. ತಂದೆಯಾದವನ ಬಾಯಿಗೆ ಬೀಗವಿಲ್ಲವೆಂಬುದಕ್ಕೆ ನಾನೊಬ್ಬನೇ ನಿದರ್ಶನವಲ್ಲವೆಂದು ಇದನ್ನು ಓದಿದಾಗ ನನಗೆ ಪರಮ ಸಮಾಧಾನವಾಯಿತು. "ನಾನು" ಎನ್ನಬೇಕಾದಲ್ಲಿ "ನೀನು" ಎನ್ನುವ ಅಭ್ಯಾಸ ಡೊನಾಲ್ಡನಿಗೂ ಇತ್ತು. ಮುಂದೆ ಅವನನ್ನು ತಮ್ಮೂರಿಗೆ ಅನತಿದೂರದ ಒಕ್ಕಲು ದಂಪತಿಗಳ ಬಳಿ ಬಿಟ್ಟರು. 1945ರಲ್ಲಿ ಕ್ಯಾನರ್ ಅಲ್ಲಿಗೆ ಹೋಗಿ ನೋಡಿದರೆ, ಮೆಕ್ಕೆಜೋಳದ ಸಾಲುಗಳನ್ನು ಬಿಡದೆ ಎಣಿಸುತ್ತಿದ್ದ ಹುಡುಗನ ಕೈಗೆ ಆ ದಂಪತಿಗಳು ನೇಗಿಲನ್ನೇ ಕೊಟ್ಟು, ಉಳುತ್ತ ಎಣಿಸೆಂದು ಬಿಟ್ಟಿದ್ದರು. ಅಳೆಯುವ ಹುಚ್ಚಿಗೆ ಬಾವಿಯನ್ನು ತೋಡಿಸಿ ಅದರ ಆಳವನ್ನು ಅಳೆಯಲು ಹಚ್ಚಿದ್ದರು. ಯಾವ ಶಾಸ್ತ್ರವನ್ನೂ ಓದದ ಆ ರೈತರಿಗೆ ನನ್ನ ಮನಸ್ಸಿನಲ್ಲಿ ಕ್ಯಾನರ್‌ಗಿಂತ ಒಂದು ಮೆಟ್ಟಿಲು ಮೇಲಿನ ಪೀಠವಿದೆ. ಡೊನಾಲ್ಡ್ ಬ್ಯಾಂಕಿನಲ್ಲಿ ದುಡಿದು, ಗಾಲ್ಫ್ ಆಡಿ, ದೇಶವಿದೇಶ ಸುತ್ತಿ 2023ರಲ್ಲಿ ತೀರಿಕೊಂಡಾಗ ಅವನಿಗೆ 89 ವರ್ಷ.

ನಡುವೆ ಒಂದು ಕೆಟ್ಟ ಅಧ್ಯಾಯವೂ ಉಂಟು. ತಾಯಿಯ ಮನಸ್ಸು ತಣ್ಣಗಿದ್ದುದೇ ಇದಕ್ಕೆಲ್ಲ ಕಾರಣವೆಂಬ ವಾದ ಬಹುಕಾಲ ಮೆರೆಯಿತು. ಇಂಥ ಮಗನೊಬ್ಬನ ತಂದೆಯೇ ಆಗಿದ್ದ ಬರ್ನಾರ್ಡ್ ರಿಮ್ಲಂಡ್ 1964ರಲ್ಲಿ ಗ್ರಂಥವನ್ನೇ ಬರೆದು ಅದನ್ನು ಖಂಡಿಸಿದ ಮೇಲೂ, 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ಅದನ್ನೇ ಮತ್ತೆ ಸಾರಿದನು. ಅದು ಸತ್ತುಹೋದ ಸಿದ್ಧಾಂತವೆಂದು ಪುಸ್ತಕಗಳು ಹೇಳುತ್ತವೆ. ನಮ್ಮೂರ ಬಾವಿಕಟ್ಟೆಯಲ್ಲಿ ಅದು "ಅವ್ವ ಮೊಬೈಲ್ ಕೊಟ್ಟು ಕೂಡಿಸ್ಯಾಳ, ಅದಕ್ಕ" ಎಂಬ ರೂಪದಲ್ಲಿ ಸುಖವಾಗಿ ಬದುಕಿಕೊಂಡಿದೆ.

ಇನ್ನು ಬೆರಳಿನ ವಿಷಯ. ಎಲಿಜಬೆತ್ ಬೇಟ್ಸ್ ಮತ್ತು ಆಕೆಯ ಸಂಗಡಿಗರು ಇಟಲಿಯ ಕೂಸುಗಳನ್ನು ನೋಡಿ 1975ರಲ್ಲಿ ಬರೆದಂತೆ, ತೋರಿಸುವುದರಲ್ಲಿ ಎರಡು ವಿಧ: ಒಂದು, ಅದನ್ನು ಕೊಡು ಎಂದು ಬೇಡುವುದು, ಇನ್ನೊಂದು, ಏನನ್ನೂ ಬೇಡದೆ, ನೀನೂ ನೋಡು ಎಂದು ಕರೆಯುವುದು. ಈ ಎರಡನೆಯದು ಆಟಿಸಂ ಇರುವ ಅನೇಕ ಮಕ್ಕಳಲ್ಲಿ ತಡವಾಗಿ ಬರುತ್ತದೆ, ಕೆಲವೊಮ್ಮೆ ಬಾರದೆಯೂ ಇರುತ್ತದೆ. 1992ರಲ್ಲಿ ಇಂಗ್ಲೆಂಡಿನಲ್ಲಿ ಸೈಮನ್ ಬ್ಯಾರನ್-ಕೋಹೆನ್ ಮೊದಲಾದವರು 18 ತಿಂಗಳ ಮಕ್ಕಳ ಪರೀಕ್ಷೆಗಾಗಿ ಪ್ರಶ್ನಾವಳಿಯೊಂದನ್ನು ಸಿದ್ಧಪಡಿಸಿದಾಗ ಈ ಬೆರಳನ್ನೇ ಮುಖ್ಯ ಸಾಕ್ಷಿಯಾಗಿ ಹಿಡಿದರು. ನನ್ನ ಮಣಿಕಟ್ಟನ್ನು ಹಿಡಿದೆಳೆಯುತ್ತಿದ್ದ ಮಗನು, ಹಲವು ತಿಂಗಳ ತೆರಪಿಯ ಫಲವಾಗಿ, ಬೇಕಾದುದರತ್ತ ಬೆರಳು ಮಾಡುವಷ್ಟಕ್ಕೆ ಬಂದಿದ್ದನು. ಬೇಡದೆ ತೋರಿಸುವ ವಿದ್ಯೆಯನ್ನು ಯಾರಿಂದಲೂ ಕಲಿಸಲಾಗಿರಲಿಲ್ಲ.

ಎಳ್ಳಮವಾಸ್ಯೆಯ ದಿನ ನಮ್ಮ ಸೀಮೆಯವರೆಲ್ಲ ಮನೆಗೆ ಕದವಿಕ್ಕಿ ಹೊಲಕ್ಕೆ ಹೊರಡುವುದು ರೂಢಿ. ಸಜ್ಜೆರೊಟ್ಟಿ, ಭಜ್ಜಿಪಲ್ಯ, ಕಡಬುಗಳ ಬುಟ್ಟಿಗಳನ್ನು ಇಳಿಸಿ, ಬನ್ನಿಯ ಗಿಡದ ಕೆಳಗೆ ಪೂಜೆ ಮುಗಿಸಿ, ನಮ್ಮಪ್ಪ ಚರಗ ಚೆಲ್ಲುತ್ತ ಬೆಳೆದ ಜೋಳದೊಳಗೆ ನಡೆದರು. ಅವರ ರುಮಾಲಿನ ಸೆರಗು ಯಾವುದೋ ದಂಟಿಗೆ ಸಿಕ್ಕಿಕೊಂಡಿತು. ಭಕ್ತಿಯಲ್ಲಿ ಮುಳುಗಿದ್ದ ಅವರಿಗೆ ಅದರ ಅರಿವಾಗಲಿಲ್ಲವಾಗಿ, ಅವರು ಮುಂದೆ ಮುಂದೆ ಸಾಗಿದಂತೆ ರುಮಾಲು ಹಿಂದೆ ಹಿಂದೆ ಬಿಚ್ಚಿಕೊಳ್ಳುತ್ತ, ಸಾಲಿನ ಉದ್ದಕ್ಕೂ ಹಾಸಿಕೊಂಡಿತು. ತನ್ನ ಸಾಲಿನಲ್ಲಿ ನಡೆಯುತ್ತಿದ್ದ ಮಗನು ನಿಂತನು. ತೋಳನ್ನು ನೀಡಿ, ಬೆರಳನ್ನು ಆ ರುಮಾಲಿನತ್ತ ಚಾಚಿ, ತಿರುಗಿ ನನ್ನ ಮುಖವನ್ನು ನೋಡಿ, ಮತ್ತೆ ರುಮಾಲನ್ನು ನೋಡಿದನು. ರುಮಾಲು ಅವನಿಗೆ ಬೇಕಾಗಿರಲಿಲ್ಲ.

ನಾನು ಕೂಗಿದ ಕೂಗಿಗೆ ಹಾವು ಕಂಡಿತೆಂದು ತಿಳಿದು ಪಕ್ಕದ ಹೊಲದವರು ಬಡಿಗೆ ಹಿಡಿದು ಓಡಿ ಬಂದರು. ನನ್ನಾಕೆ ಕೇಳಿದ್ದು ಒಂದೇ: "ನಿಮ್ಮ ಮಾರಿ ನೋಡಿದನೇನ್ರಿ?" ನೋಡಿದನೆಂದಾಗ ಆಕೆ ಬುಟ್ಟಿಯನ್ನು ಅಲ್ಲಿಯೇ ಬಿಟ್ಟು, ಮಗನ ಸಾಲಿಗೆ ಇಳಿದು, ಅವನ ಹಿಂದೆ ತಾನೂ ಆ ತುದಿಯಿಂದ ಈ ತುದಿಗೆ ನಡೆಯತೊಡಗಿದಳು. ಮರುದಿನ ಮನೆಯಲ್ಲಿ ಹೂರಣದ ಹೋಳಿಗೆಯಾಯಿತು. "ನನ್ನ ರುಮಾಲ ಬಿಚ್ಚಿದ್ದಕ್ಕ ಹೋಳಿಗಿ ಮಾಡೀರೇನು?" ಎಂದು ಅಪ್ಪ ಗದರಿಸಿದರಾದರೂ, ತುಪ್ಪವನ್ನು ಎಂದಿಗಿಂತ ಧಾರಾಳವಾಗಿ ಹಾಕಿಸಿಕೊಂಡರು.

ಬಂದ ವಿದ್ಯೆ ನಿಲ್ಲಲಿಲ್ಲ. ಸೀರೆ ಒಣಹಾಕಿದ ಹಗ್ಗ, ಕಾಲುವೆಯ ಬೆಳ್ಳಕ್ಕಿ, ಅತಿಥಿಗಳ ಬೋಳುತಲೆ, ಎಲ್ಲವನ್ನೂ ಈಗ ನಾವು ಅವನೊಡನೆ ನೋಡಲೇಬೇಕು. ತೊಡಕಾದದ್ದು ಹಿತ್ತಲಿನಲ್ಲಿ. ಎಳೆಯ ಕಾಯಿಗೆ ಬೆರಳು ಮಾಡಿದರೆ ಅದು ಕೊಳೆತು ಉದುರುವುದೆಂಬುದು ನನ್ನ ತಾಯಿಯ ಅಚಲವಾದ ನಂಬಿಕೆ. ಬಾಲ್ಯದಲ್ಲಿ ಈ ಅಪರಾಧಕ್ಕಾಗಿ ನಾನು ತಿಂದ ಪೆಟ್ಟುಗಳಿಗೆ ಲೆಕ್ಕವಿಲ್ಲ. ಮೊನ್ನೆ ಮೊಮ್ಮಗನು ಹಂದರದ ಹೀರೇಕಾಯಿಗಳನ್ನು ಒಂದೊಂದಾಗಿ, ಸಾಲು ತಪ್ಪದಂತೆ, ಆಕೆಗೆ ತೋರಿಸುತ್ತಿದ್ದನು. ತಡೆಯಹೋದ ನನ್ನನ್ನು ಆಕೆ ಕಣ್ಣಿನಿಂದಲೇ ನಿಲ್ಲಿಸಿ, "ನೀ ಸುಮ್ಮನಿರು, ಕೊಳತ್ರ ಕೊಳೀಲಿ, ಸಂತ್ಯಾಗ ಹೀರಿಕಾಯಿ ಸಿಗ್ತಾವ" ಎಂದು, ಮುಂದಿನ ಕಾಯಿ ಎಲ್ಲಿದೆಯೆಂದು ಅವನನ್ನೇ ಕೇಳಿದಳು.