ಕಿಟಕಿ ಮೇಲಿನ ಕುಂಬಾರ್ತಿ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ಬೆಳಗಾವಿಯ ಟಿಳಕವಾಡಿಯಲ್ಲಿರುವ ಮಾಸ್ತರರ ಮನೆಯಲ್ಲಿ ಮೊಬೈಲು ಚಾರ್ಜಿಗೆ ಹಚ್ಚಲು ಹೋದ ಮೊಮ್ಮಗಳು, "ಅಜ್ಜಾ, ಪಿನ್ನ ಒಳಗ ಹೋಗವಲ್ದು" ಎಂದು ಕೂಗಿದಳು. ಸಾಕೆಟ್ಟಿನ ಮೇಲಿನ ದೊಡ್ಡ ತೂತಿಗೆ ಗವಂಡಿ ಬಂದು ಮೆತ್ತಿಹೋದಷ್ಟು ನುಣ್ಣಗೆ ಮಣ್ಣು ತುಂಬಿತ್ತು.

"ಕುಂಬಾರ ಹುಳದ್ದ ಕೆಲಸ" ಎಂದರು ಮಾಸ್ತರರ ಹೆಂಡತಿ. "ಕೀಲಿ ತೂತಿನ್ಯಾಗೂ ಕಟ್ಯಾವ, ಕಿಟಕಿ ಮ್ಯಾಲೂ ಕಟ್ಯಾವ. ಬಣ್ಣದವ ಬರೋದ್ರೊಳಗ ಎಲ್ಲಾ ಕೆರೆದು ತಗೀರಿ ನೋಡೋಣು."

ಮಾಸ್ತರರು ಮೇನ್ ಸ್ವಿಚ್ ತೆಗೆದು ಸಾಕೆಟ್ಟು ಸ್ವಚ್ಛ ಮಾಡಿದರು. ಕಿಟಕಿಯ ಚೌಕಟ್ಟಿನ ಮೇಲಿದ್ದುದಕ್ಕೆ ಮಾತ್ರ ಕೈ ಹಚ್ಚಲಿಲ್ಲ. ಕುರ್ಚಿ ಎಳೆದುಕೊಂಡು ಅದರೆದುರು ಕೂತರು. ನಿವೃತ್ತಿಯಾದ ಮೇಲೆ ಅವರಿಗೆ ಬೇಸಿಗೆಯ ಮಧ್ಯಾಹ್ನಗಳೇ ಶಾಲೆ.

ತೂತು ಮುಚ್ಚುವ ಹುಳ ಬೇರೆ, ಗೂಡು ಕಟ್ಟುವ ಹುಳ ಬೇರೆ. ಕಿಟಕಿಗೆ ಬರುತ್ತಿದ್ದುದು ಕಪ್ಪು ಮೈಯ, ಹಳದಿ ಕಾಲಿನ, ದಾರದಷ್ಟೇ ಸಪೂರ ನಡುವಿನ ಕಣಜ. ಹಿತ್ತಲಲ್ಲಿ ಹರವಿಯ ನೀರು ತೊಟ್ಟಿಕ್ಕಿ ಒಂದು ಅಂಗೈಯಷ್ಟು ಜಾಗ ಸದಾ ಹಸಿಯಾಗಿರುತ್ತದೆ. ಅದು ಅಲ್ಲಿ ತಲೆ ತಗ್ಗಿಸಿ, ಹಿಂಭಾಗ ಎತ್ತಿ, ಹೆಸರುಕಾಳಿನಷ್ಟು ಮಣ್ಣನ್ನು ದವಡೆಯಲ್ಲಿ ಉಂಡೆ ಕಟ್ಟಿಕೊಂಡು ಹಾರುತ್ತಿತ್ತು. ಕಿಟಕಿಗೆ ಬಂದು ಉಂಡೆಯನ್ನು ಅಂಚಿಗೆ ಒತ್ತುವಾಗ ಝುಂಯ್ ಎಂದು ದನಿ ಏರಿಸುತ್ತಿತ್ತು. ಆ ಕಂಪನಕ್ಕೇ ಮಣ್ಣು ಸಡಿಲಾಗಿ ತೆಳುವಾಗಿ ಹರಡುತ್ತದೆ. ಸ್ಲ್ಯಾಬ್ ಹಾಕುವಾಗ ಕಾಂಕ್ರೀಟಿನೊಳಗೆ ವೈಬ್ರೇಟರ್ ಇಳಿಸುತ್ತಾರಲ್ಲ, ಹಾಗೆ. ಒಂದು ತಾಸಿನಲ್ಲಿ ಇಪ್ಪತ್ತಾರು ಸಲ ಬಂದದ್ದನ್ನು ಮಾಸ್ತರರು ಹಳೆಯ ಹಾಜರಿ ಪುಸ್ತಕದಲ್ಲಿ ಗೀಟು ಎಳೆದು ಲೆಕ್ಕ ಇಟ್ಟರು. ಕಟ್ಟುವುದು ಹೆಣ್ಣು ಮಾತ್ರ. ಹೀಗಾಗಿ ಇದು ಕುಂಬಾರ ಅಲ್ಲ, ಕುಂಬಾರ್ತಿ.

ಕುಂಬಾರಿಕೆಯನ್ನು ನೋಡುತ್ತ ಕೂರುವುದು ಅವರಿಗೆ ಹುಟ್ಟಿನಿಂದ ಬಂದದ್ದು. ಅವರ ಊರು ಖಾನಾಪುರ. ಮಲಪ್ರಭೆಯ ದಂಡೆಯ ಈ ಊರು ಕೆಂಪು ಮಣ್ಣಿನ ಗಡಿಗೆ, ಹಂಚುಗಳಿಗೆ ಹೆಸರಾದದ್ದು. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಇರುವುದೂ ಅಲ್ಲಿಯೇ. ಹುಡುಗನಾಗಿದ್ದಾಗ ತಿಗರಿಯ ಮುಂದೆ ಕೂತರೆ ಊಟದ ಹೊತ್ತು ಮೀರುತ್ತಿತ್ತು.

ಮನೆಯ ತೊಲೆಯ ಮೇಲಿನ ಮಣ್ಣಿನ ಗೂಡಿಗೆ ಆಯಿ ಒಂದು ಕತೆ ಇಟ್ಟಿದ್ದಳು. ಹುಳ ಎಲ್ಲಿಂದಲೋ ಒಂದು ಕೀಡೆಯನ್ನು ತಂದು ಒಳಗೆ ಕೂಡಿಹಾಕುತ್ತದೆ. ಹೊರಗೆ ಕೂತು "ನನ್ನಂಗ ಆಗು, ನನ್ನಂಗ ಆಗು" ಎಂದು ಗುಂಯ್‌ಗುಡುತ್ತದೆ. ಕೀಡೆ ಅಂಜಿ, ಅದನ್ನೇ ನೆನೆನೆನೆದು, ಕೊನೆಗೆ ಅದೇ ಆಗಿ ಹೊರಬರುತ್ತದೆ. ಕತೆ ಆಯಿಯ ಸ್ವಂತದ್ದಲ್ಲ. ವೇದಾಂತಿಗಳು ಇದನ್ನು ಭ್ರಮರ-ಕೀಟ ನ್ಯಾಯ ಎನ್ನುತ್ತಾರೆ. ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಅವಧೂತ ತನ್ನ 24 ಗುರುಗಳನ್ನು ಎಣಿಸುವಾಗ ಕೊನೆಯ ಗುರು ಈ ಕಣಜವೇ.

ಒಂದು ಬೇಸಿಗೆ ಸೂಟಿಯಲ್ಲಿ ಹುಡುಗ ಮೊಳೆ ತಗೊಂಡು ಗೂಡು ಒಡೆದ. ಒಳಗೆ ಕೀಡೆ ಇರಲಿಲ್ಲ, ಜೇಡಗಳಿದ್ದವು. ಒಂದರ ಮೇಲೊಂದು ಒತ್ತಿ ತುರುಕಿದ ಹತ್ತು-ಹನ್ನೆರಡು ಜೇಡಗಳು. ಸತ್ತಿವೆ ಎಂದುಕೊಂಡು ಕಡ್ಡಿಯಿಂದ ಮುಟ್ಟಿದರೆ ಒಂದರ ಕಾಲು ಸಣ್ಣಗೆ ಅಲುಗಿತು. ಹುಡುಗ ಕಡ್ಡಿ ಬಿಸಾಕಿ ಓಡಿದ. "ಜಪ ಕೆಡಿಸಿದೆಲ್ಲೋ ಖೋಡಿ" ಎಂದು ಆಯಿ ಬೈದಳು.

ಆ ಕಾಲು ಅಲುಗಿದ್ದೇಕೆ ಎಂಬುದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಕಣಜ ಜೇಡವನ್ನು ಕೊಲ್ಲುವುದಿಲ್ಲ, ಚುಚ್ಚಿ ನಿಶ್ಚೇಷ್ಟಗೊಳಿಸುತ್ತದೆ. ಸತ್ತರೆ ಕೊಳೆಯುತ್ತದೆ, ಜೀವ ಇದ್ದರೆ ಫ್ರಿಜ್ಜಿನಲ್ಲಿಟ್ಟ ಹಾಗೆ ತಾಜಾ ಇರುತ್ತದೆ. ಒಂದರ ಮೈಮೇಲೆ ತತ್ತಿ ಇಟ್ಟು ಬಾಯಿ ಮುಚ್ಚಿದರೆ ಮುಗಿಯಿತು. ಮರಿ ಬುತ್ತಿ ತಿನ್ನುತ್ತ ಬೆಳೆದು, ರೆಕ್ಕೆ ಬಂದ ಮೇಲೆ ಗೋಡೆ ಕೊರೆದು ಬರುತ್ತದೆ. ಭಾಗವತದ ಪಟ್ಟಿಯಲ್ಲಿ ಕಣಜಕ್ಕಿಂತ ಒಂದು ಸ್ಥಾನ ಮೊದಲು, 23ನೆಯ ಗುರುವಾಗಿ ಕೂತದ್ದು ಜೇಡ. ಒಬ್ಬ ಗುರು ಇನ್ನೊಬ್ಬ ಗುರುವಿನ ಉಗ್ರಾಣ ಎಂಬುದು ಹೊಳೆದಾಗ ಮಾಸ್ತರರು ಒಬ್ಬರೇ ನಕ್ಕಿದ್ದರು.

ಹೀಗೆ ಮನೆಯಲ್ಲಿ ಕೂತು ಹುಳ ನೋಡುವ ಚಟಕ್ಕೆ ಅವರಿಗೊಬ್ಬ ಹಿರಿಯರಿದ್ದಾರೆ. 1851ರಲ್ಲಿ ಸಾತಾರೆಯಲ್ಲಿ ಹುಟ್ಟಿದ ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕಿನ್. ಮುಂಬಯಿ ಪ್ರಾಂತ್ಯದ ಉಪ್ಪು-ಸುಂಕದ ಇಲಾಖೆಯಲ್ಲಿ ನೌಕರಿ. ಕಾರವಾರದ ಕಾಡುಗಳಲ್ಲೂ ಅಲೆದವರು. 1883ರಲ್ಲಿ ಬಂದ ಅವರ ಪುಸ್ತಕದ ಹೆಸರು 'ದಿ ಟ್ರೈಬ್ಸ್ ಆನ್ ಮೈ ಫ್ರಾಂಟಿಯರ್'. ಗಡಿಯಾಚೆಯ ಬುಡಕಟ್ಟುಗಳ ಜತೆಗಿನ ಕಾದಾಟದ ಕತೆಯೆಂದು ತೆರೆದವರಿಗೆ ಸಿಗುವುದು ಬಂಗಲೆಯೊಳಗಿನ ಇಲಿ, ಹಲ್ಲಿ, ಇರುವೆ, ಕಪ್ಪೆ, ಕಣಜ. ಅದೇ ವರ್ಷ ಮುಂಬಯಿಯಲ್ಲಿ ಹುಟ್ಟಿದ ನೈಸರ್ಗಿಕ ಇತಿಹಾಸ ಸಂಘದ ಎಂಟು ಸ್ಥಾಪಕರಲ್ಲಿ ಅವರೂ ಒಬ್ಬರು. ಬೆಳಗಾವಿಯಲ್ಲಿ ಗಡಿ ಎಂದರೆ ಜನ ಧ್ವನಿ ಏರಿಸುತ್ತಾರೆ. ಏಟ್ಕಿನ್‌ರ ಗಡಿ ಮನೆಯ ಹೊಸ್ತಿಲಿನಷ್ಟೇ ಎಂದು ಮಾಸ್ತರರು ಮೊಮ್ಮಗಳಿಗೆ ಹೇಳಿದರು. ಅವಳು ಅಷ್ಟರಲ್ಲಿ ಗೂಡಿನ ಫೋಟೊ ತೆಗೆಯುತ್ತಿದ್ದಳು.

ನಾಲ್ಕು ಕೋಣೆ ಆದವು. ಕುಂಬಾರ್ತಿ ಎಲ್ಲದರ ಮೇಲೆ ಇನ್ನೊಂದು ಪದರ ಮಣ್ಣು ಬಳಿದು ಹೋದಳು; ಮತ್ತೆ ಕಾಣಲಿಲ್ಲ. ಬಣ್ಣದವನು ಬಂದ, ಕಿಟಕಿಯಲ್ಲಿ ಒಂದು ಗೇಣಿನಷ್ಟು ಬಿಟ್ಟು ಉಳಿದುದಕ್ಕೆಲ್ಲ ಬಣ್ಣ ಹಚ್ಚಿದ. ಹೆಂಡತಿ ಎರಡು ದಿನ ಮಾತು ಕಮ್ಮಿ ಮಾಡಿದರು.

ಮೇ ಕೊನೆಗೆ ಅಡ್ಡಮಳೆ ಬಿದ್ದ ಮರುದಿನ ಬೆಳಿಗ್ಗೆ ಮೂರು ಕೋಣೆಗಳಲ್ಲಿ ದುಂಡನೆಯ ತೂತುಗಳು. ನಾಲ್ಕನೆಯದನ್ನು ಒಳಗಿನಿಂದ ಯಾರೋ ಕೊರೆಯುತ್ತಿದ್ದರು. ಮಾಸ್ತರರು ಚಹಾ ಆರಲು ಬಿಟ್ಟು ಕಾದರು. ಹೊರಬಂದದ್ದು ಹಳದಿ ಕಾಲಿನ ಕಣಜವಲ್ಲ. ತೊಳೆದಿಟ್ಟ ಹಸಿರು ಗಾಜಿನಂತೆ ಥಳಥಳಿಸುವ ಬೇರೆಯೇ ಹುಳ. ಕೋಗಿಲೆ ಕಾಗೆಯ ಗೂಡಿಗೆ ಹೋದ ಹಾಗೆ, ಕುಂಬಾರ್ತಿಯ ಗಡಿಗೆಯಲ್ಲಿ ತನ್ನ ತತ್ತಿ ಇಟ್ಟುಹೋಗುವ ಜಾತಿ.

ಅವರು ಫೋಟೊ ತೆಗೆದು ಊರಿಗೆ ಮರಳಿದ್ದ ಮೊಮ್ಮಗಳಿಗೆ ಕಳಿಸಿದರು. ಐದು ನಿಮಿಷಕ್ಕೆ ಉತ್ತರ ಬಂತು: "ಅಜ್ಜಾ, ಇದು ಯಾರ ಜಪ ಮಾಡಿತ್ತು?"