ಸೆರಗಿನ ಗಂಟು

ನಮ್ಮ ತಾಯಿಗೆ ಒಂದು ಅಭ್ಯಾಸವಿತ್ತು. ಮರೆಯಬಾರದ ಸಂಗತಿ ಏನಾದರೂ ಇದ್ದರೆ ಸೆರಗಿನ ತುದಿಗೆ ಒಂದು ಗಂಟು ಹಾಕಿಕೊಳ್ಳುವಳು. ಸಂಜೆಯ ಹೊತ್ತಿಗೆ ಗಂಟು ಕಣ್ಣಿಗೆ ಬೀಳುವುದು; ಯಾತಕ್ಕೆ ಹಾಕಿದ್ದೆಂಬುದು ಮಾತ್ರ ಮರೆತುಹೋಗಿರುವುದು! "ಈ ಗಂಟು ಯಾತಕ್ಕೋ ಮಗು?" ಎಂದು ನನ್ನನ್ನೇ ಕೇಳುವಳು. ಬಾಯಿಪಾಠದಲ್ಲಿ ಶಾಲೆಗೇ ಮೊದಲಿಗನಾಗಿದ್ದ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಆ ನಗೆಯ ಸಾಲವನ್ನು ದೇವರು ನಲವತ್ತು ವರ್ಷ ತಡೆದು ಬಡ್ಡಿಸಹಿತ ವಸೂಲು ಮಾಡಿದ.

2019ರ ಮಳೆಗಾಲದ ಒಂದು ಸಂಜೆ. ಕಚೇರಿಯಿಂದ ಬರುವಾಗ, ನೀರು ತುಂಬಿದ ಹಳ್ಳವೊಂದನ್ನು ರಸ್ತೆಯೆಂದೇ ನಂಬಿ ನನ್ನ ಸ್ಕೂಟರು ಅದರೊಳಕ್ಕೆ ಇಳಿಯಿತು. ಹೆಲ್ಮೆಟ್ಟು ಸೀಳಿತು, ತಲೆ ಉಳಿಯಿತು. ಹನ್ನೆರಡು ದಿನ ಆಸ್ಪತ್ರೆ, ಮೂರು ತಿಂಗಳು ಮನೆ. ನೋಡಲು ಬಂದವರೆಲ್ಲ "ಸದ್ಯ, ಏನೂ ಆಗಲಿಲ್ಲವಲ್ಲ" ಎಂದರು. ನಾನೂ ಹಾಗೆಯೇ ತಿಳಿದಿದ್ದೆ.

ಏನಾಗಿದೆಯೆಂಬುದು ಗೊತ್ತಾದದ್ದು ನಿಧಾನವಾಗಿ. ಹದಿನಾರರ ಮಗ್ಗಿ ಮೊದಲಿನಂತೆಯೇ ತಡವರಿಸದೆ ಬರುತ್ತಿತ್ತು. ಅಂಗಡಿಗೆ ಹೊರಟರೆ, ತರಬೇಕಾದದ್ದು ಬೇಳೆಯೋ ಬೆಲ್ಲವೋ ಎಂಬುದು ಮಾತ್ರ ಬೀದಿಯ ತಿರುವಿನಲ್ಲೇ ಮಾಯ. ಪೆಟ್ಟಿಗೆಯಲ್ಲಿದ್ದ ಹಳೆಯ ಬಟ್ಟೆಯೆಲ್ಲ ಭದ್ರ. ಹೊಸದನ್ನು ಇಡಹೋದರೆ ಮುಚ್ಚಳವೇ ತೆರೆಯದು! ವೈದ್ಯರು ವಿವರಿಸಿದರು: ಮಿದುಳಿನಲ್ಲಿ ಹಿಪೊಕ್ಯಾಂಪಸ್ ಎಂಬ ಭಾಗವಿದೆ, ಕಡಲಕುದುರೆಯನ್ನು ಹೋಲುವುದರಿಂದ ಅದಕ್ಕೆ ಆ ಹೆಸರು. ಹೊಸ ನೆನಪುಗಳು ನೆಲೆ ನಿಲ್ಲಬೇಕಾದರೆ ಅದರ ನೆರವು ಬೇಕು. ತಲೆಗೆ ಬಲವಾದ ಪೆಟ್ಟು ಬಿದ್ದಾಗ ಅದಕ್ಕೂ, ಗಮನವನ್ನು ಹಿಡಿದಿಡುವ ಮುಂಭಾಗಕ್ಕೂ ಘಾಸಿಯಾಗುವುದುಂಟು. "ಅದರ ಮೇಲೆ ನೀವು ಮರೆತೇನೆಂದು ಹೆದರುತ್ತೀರಿ. ಇರುವಷ್ಟು ಗಮನವನ್ನೂ ಹೆದರಿಕೆ ತಿಂದುಬಿಟ್ಟರೆ ನೆನಪಿಗೆ ಉಳಿಯುವುದೇನು, ಹೇಳಿ?" ಎಂದರು.

ಕಚೇರಿಯಲ್ಲಿ ನನ್ನನ್ನು ಲೆಕ್ಕದ ಮೇಜಿನಿಂದ ಎಬ್ಬಿಸಿ ಟಪಾಲು ವಿಭಾಗದಲ್ಲಿ ಕೂರಿಸಿದರು. ಯಾರೂ ಕಟುವಾಗಿ ಮಾತಾಡಲಿಲ್ಲ. ಎಲ್ಲರೂ ಮೆಲ್ಲಗೆ, ಬಿಡಿಸಿ ಬಿಡಿಸಿ ಮಾತಾಡತೊಡಗಿದರು. ಅದನ್ನೇ ನಾನು ಸಹಿಸದಾದೆ. ಎಂದೋ ಅರ್ಧಕ್ಕೆ ಬಿಟ್ಟ ಬಿ.ಎ.ಯನ್ನು ಮುಗಿಸಿಯೇ ತೀರುವೆನೆಂದು ಹಟ ತೊಟ್ಟೆ. ಪದವಿಯ ಆಸೆ ಅಷ್ಟಕ್ಕಷ್ಟೆ. ಅಂದು ಬಿದ್ದವನೂ ಎದ್ದವನೂ ಒಬ್ಬನೇ ಎಂಬುದಕ್ಕೆ ನನಗೊಂದು ರುಜುವಾತು ಬೇಕಾಗಿತ್ತು.

ಮೊದಲ ಸಲ ಹುಡುಗರಂತೆ ರಾತ್ರಿಯೆಲ್ಲ ಓದಿ ಪರೀಕ್ಷೆಗೆ ಹೋದೆ. ಪ್ರಶ್ನೆಪತ್ರಿಕೆ ಕೈಗೆ ಬಂದೊಡನೆ ಎದೆ ನಗಾರಿ ಬಾರಿಸಿತು; ಓದಿದ್ದೆಲ್ಲ ಹಲಗೆ ಒರೆಸಿದಂತೆ ಅಳಿಸಿಹೋಯಿತು. ಇತಿಹಾಸದ ಉತ್ತರಪತ್ರಿಕೆಯಲ್ಲಿ ಸರಿಯಾಗಿದ್ದದ್ದು ನನ್ನ ನಂಬರು ಒಂದೇ.

ಆಮೇಲೆ ಮಗಳು ನನ್ನ ಉಪಾಧ್ಯಾಯಿನಿಯಾದಳು. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸನ ವಿಷಯವನ್ನು ಅವಳೇ ನನಗೆ ಓದಿಹೇಳಿದ್ದು. ಆತ ಅರ್ಥವಿಲ್ಲದ ಅಕ್ಷರಗಳನ್ನು ತಾನೇ ಉರುಹೊಡೆದು, ಕಲಿತದ್ದರಲ್ಲಿ ಬಹುಪಾಲು ಮೊದಲ ದಿನವೇ ಸೋರಿಹೋಗುತ್ತದೆಂದೂ, ಒಂದೇ ಸಲ ಓದುವುದಕ್ಕಿಂತ ದಿನಗಳ ಮೇಲೆ ಹಂಚಿ ಓದಿದರೆ ಹೆಚ್ಚು ನಿಲ್ಲುತ್ತದೆಂದೂ 1885ರಲ್ಲಿಯೇ ಪ್ರಕಟಿಸಿದ. ಪೆಟ್ಟು ಬೀಳದ ತಲೆಯೂ ಸೋರುತ್ತದೆಂದು ತಿಳಿದು ನನಗೆ ಎಷ್ಟೋ ಸಮಾಧಾನವಾಯಿತು. ದಿನಕ್ಕೆ ಎರಡೇ ಪುಟ. ಪುಸ್ತಕ ಮುಚ್ಚಿ ಅವಳಿಗೆ ಒಪ್ಪಿಸಬೇಕು. ಮರುದಿನ ಮತ್ತೆ, ವಾರ ಬಿಟ್ಟು ಮತ್ತೆ. ತಪ್ಪಿದರೆ "ಪರವಾಗಿಲ್ಲ ಅಪ್ಪ, ಇನ್ನೊಂದು ಸಲ" ಎನ್ನುವಳು. ಅವಳಿಗೆ ಮಗ್ಗಿ ಕಲಿಸುವಾಗ ನಾನು ಎಂದಾದರೂ ಹಾಗೆ ಅಂದಿದ್ದೆನೆ? ನೆನಪಿಲ್ಲ. ಆ ಮರೆವಿಗೆ ಸ್ಕೂಟರು ಕಾರಣವಲ್ಲವೆಂದು ತೋರುತ್ತದೆ.

2022ರಲ್ಲಿ ಮತ್ತೆ ಕುಳಿತೆ. ಕೊಠಡಿಯೊಳಗೆ ಕಾಲಿಡುತ್ತಲೇ ಹುಡುಗರೆಲ್ಲ ಎದ್ದು ನಿಂತು ನಮಸ್ಕಾರ ಮಾಡಿದರು. ಮೇಲ್ವಿಚಾರಕನೆಂದು ತಿಳಿದರೋ ಏನೋ! ಮೊದಲ ಪ್ರಶ್ನೆ 1792ರ ಶ್ರೀರಂಗಪಟ್ಟಣದ ಒಪ್ಪಂದ. ಮತ್ತೆ ಅದೇ ನಗಾರಿ. ಬೆವರೊರೆಸಲು ಕರವಸ್ತ್ರ ತೆಗೆದರೆ, ಅದರ ತುದಿಯಲ್ಲೊಂದು ಗಂಟು! ಬೆಳಿಗ್ಗೆ ನಾನೇ ಹಾಕಿದ್ದು. ಯಾತಕ್ಕೆ? ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಸೆರಗು ಹಿಡಿದು ನಿಂತ ನಮ್ಮ ತಾಯಿ ಕಣ್ಣಮುಂದೆ ಬಂದಳು. ನಗು ಬಂತು, ನಗುವಿನೊಡನೆ ಎದೆ ಹಗುರಾಯಿತು. ಆಗ ಮಗಳ ದನಿ ಕೇಳಿಸಿದಂತಾಯಿತು: "ಇಬ್ಬರು ಮಕ್ಕಳನ್ನು ಒತ್ತೆ ಕೊಟ್ಟನಂತಲ್ಲ ಅಪ್ಪ, ಪಾಪ, ಆ ಹುಡುಗರು ಎಷ್ಟು ಹೆದರಿದ್ದರೋ!" ಟಿಪ್ಪುವಿನ ಆ ಮಕ್ಕಳ ಕೈಹಿಡಿದು ಅರ್ಧ ರಾಜ್ಯ ಬಂತು, ಅದರ ಹಿಂದೆಯೇ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ಬಂತು. ಬರೆದೆ. ಎಲ್ಲವನ್ನೂ ಅಲ್ಲ, ಬಂದಷ್ಟನ್ನು.

ನೂರಕ್ಕೆ 49 ಎಂದು ಆಮೇಲೆ ತಿಳಿಯಿತು. ಈಗಲೂ ನಾನು ಟಪಾಲು ವಿಭಾಗದಲ್ಲೇ ಇದ್ದೇನೆ. ಬೇಳೆ ಬೆಲ್ಲಗಳ ಗೊಂದಲವೂ ಇದೆ. ಆದರೆ ಮರೆತಾಗ ಮೊದಲಿನಂತೆ ಕೈಕಾಲು ತಣ್ಣಗಾಗುವುದಿಲ್ಲ.

ಆ ಸಂಜೆ ಗೆದ್ದವನಂತೆ ಮನೆಗೆ ಬಂದೆ. ಬಾಗಿಲಲ್ಲೇ ನಮ್ಮಾಕೆ ಕೇಳಿದಳು: "ಪರೀಕ್ಷೆ ಇರಲಿ, ಕಾಫಿಪುಡಿ ಎಲ್ಲಿ? ಮರೆಯಬಾರದೆಂದು ಗಂಟು ಬೇರೆ ಹಾಕಿಕೊಂಡಿರಲ್ಲ!"

ಬಂದ ಕಾಲಿನಲ್ಲೇ ಅಂಗಡಿಗೆ ಹೊರಟೆ. ಗಂಟನ್ನು ಮಾತ್ರ ಬಿಚ್ಚಲಿಲ್ಲ.