ಹಳೆಯ ಗಣಕಯಂತ್ರವೂ ತಂದೆಯವರ ಬರಹವೂ

ಮನೆಯಲ್ಲಿ ಹಳೆಯದಾದ ಪ್ರತಿಯೊಂದು ವಸ್ತುವಿಗೂ ಹಿರಿಯರು ಒಂದು ದಾರಿ ಕಂಡುಕೊಂಡಿದ್ದರು. ತಾಮ್ರದ ಹಂಡೆ ಸೋರಿದರೆ ಬೆಸುಗೆ ಹಾಕಿಸುತ್ತಿದ್ದರು. ಕೌದಿ ಹರಿದರೆ ಅದರ ಮೇಲೆ ಇನ್ನೊಂದು ಪದರ ಹೊಲಿಯುತ್ತಿದ್ದರು. ಮಂಚದ ಕಾಲು ಮುರಿದರೆ ಬಡಿಗನನ್ನು ಕರೆಸುತ್ತಿದ್ದರು. ಗಣಕಯಂತ್ರದ ವಿಷಯ ಬಂದಾಗ ಮಾತ್ರ ನಮ್ಮ ತಾಳ್ಮೆ ಬಲುಬೇಗ ತೀರುತ್ತದೆ. ಗುಂಡಿ ಒತ್ತಿದಾಗ ದೀಪ ಹತ್ತದಿದ್ದರೆ ಸಾಕು, ಅದರ ಆಯುಷ್ಯ ಮುಗಿಯಿತೆಂದು ಗುಜರಿಗೆ ಹಾಕಲು ಸಿದ್ಧರಾಗುತ್ತೇವೆ. ಯಂತ್ರ ಏಳದ ಮಾತ್ರಕ್ಕೆ ಅದರೊಳಗಿನ ಬರಹವೂ ಹೋಯಿತೆಂದು ತಿಳಿಯಬೇಕಾಗಿಲ್ಲ. ಈ ಮಾತನ್ನು ನಮ್ಮ ಮನೆಯ ಅನುಭವದಿಂದ ಓದುಗ ಬಂಧುಗಳ ಮುಂದಿಡಬಯಸುತ್ತೇನೆ.

ನಮ್ಮ ಪೂರ್ವಿಕರ ಊರು ಕೃಷ್ಣಾ ನದಿಯ ದಂಡೆಯ ಮೇಲಿತ್ತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಆವರಿಸಿದ ಹಳ್ಳಿಗಳಲ್ಲಿ ಅದೂ ಒಂದು. ಊರು ಬಿಟ್ಟ ಬಳಿಕ ನಮ್ಮ ಕುಟುಂಬವು ಬಾಗಲಕೋಟೆಯ ನವನಗರಕ್ಕೆ ಬಂದು ನೆಲೆಸಿತು. ಪ್ರಾಥಮಿಕ ಶಾಲೆಯ ಶಿಕ್ಷಕರಾಗಿ ನಿವೃತ್ತರಾಗಿದ್ದ ತಂದೆಯವರು 2004ರಲ್ಲಿ ಒಂದು ಗಣಕಯಂತ್ರವನ್ನು ಕೊಂಡರು. ಅದರಲ್ಲಿದ್ದದ್ದು ಪೆಂಟಿಯಂ 4 ಸಂಸ್ಕಾರಕ, 256 ಎಂಬಿ ಸ್ಮೃತಿ, 40 ಜಿಬಿ ಹಾರ್ಡ್ ಡಿಸ್ಕ್. ಇಂದಿನ ಸಾಮಾನ್ಯ ಮೊಬೈಲಿನಲ್ಲಿಯೂ ಅದಕ್ಕಿಂತ ಹೆಚ್ಚಿನ ಸ್ಥಳವಿರುತ್ತದೆ. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ತಂತ್ರಾಂಶವನ್ನು ಅವರು ಒಂದೊಂದೇ ಬೆರಳಿನಿಂದ ಕಲಿತರು. ಮುಂದಿನ ಏಳು ವರ್ಷ, ಬೆಳಗಿನ ಪೂಜೆ ಮುಗಿದ ಮೇಲೆ ಒಂದು ಗಂಟೆ ಕಾಲ, ಮುಳುಗಿದ ಊರನ್ನು ಕುರಿತು ಬರೆದರು. ಓಣಿಗಳು, ಬಾವಿಗಳು, ಹೊಲಗಳ ಹೆಸರು, ಯಾರ ಮನೆಯ ಪಡಸಾಲೆಯಲ್ಲಿ ಯಾವ ನ್ಯಾಯ ತೀರಿತು, ಯಾವ ಬರಗಾಲದಲ್ಲಿ ಯಾರು ಹಗೇವು ತೆಗೆದು ಜೋಳ ಹಂಚಿದರು, ಇವೆಲ್ಲವೂ ಅದರಲ್ಲಿ ಸೇರಿದ್ದವು. 2011ರಲ್ಲಿ ಅವರು ಲಿಂಗೈಕ್ಯರಾದರು. ಅವ್ವ ಆ ಯಂತ್ರಕ್ಕೆ ಬಟ್ಟೆ ಹೊದಿಸಿ ಕೋಣೆಯ ಮೂಲೆಯಲ್ಲಿ ಇಟ್ಟರು.

2023ರಲ್ಲಿ ಎಂಬತ್ತೆರಡು ದಾಟಿದ್ದ ಅವ್ವನಿಗೆ ಕಣ್ಣು ಮಂಜಾಗತೊಡಗಿತು. ತನ್ನ ನೆನಪು ಗಟ್ಟಿಯಿರುವಾಗಲೇ ಆ ಬರಹವನ್ನು ಓದಿಸಿ ಕೇಳಬೇಕೆಂದು ಅವರು ಹಂಬಲಿಸಿದರು. ಯಂತ್ರದ ಗುಂಡಿ ಒತ್ತಿದೆವು. ಸದ್ದೂ ಇಲ್ಲ, ಬೆಳಕೂ ಇಲ್ಲ. ಪೇಟೆಯ ಒಂದು ಅಂಗಡಿಯವರು, ಇಷ್ಟು ಹಳೆಯದಕ್ಕೆ ಬಿಡಿಭಾಗ ಸಿಗುವುದಿಲ್ಲ, ಹೊಸದನ್ನೇ ಕೊಳ್ಳಿರೆಂದು ಸಲಹೆಯಿತ್ತರು. ಅವ್ವ ಕೇಳಿದ್ದು ಒಂದೇ ಮಾತು: “ಹೊಸಾದು ತಗೋಬಹುದು. ಅವರು ಬರದಿದ್ದು ಹೊಳ್ಳಿ ಸಿಗತೈತೇನೋ ತಮ್ಮಾ?”

ಡಿಪ್ಲೊಮಾ ಓದುತ್ತಿದ್ದ ಅಕ್ಕನ ಮಗ ದೀಪಾವಳಿಯ ರಜೆಗೆ ಬಂದಿದ್ದ. ಅವನು ಕೈಚೀಲದಿಂದ ತಿರುಗುಳಿ ತೆಗೆಯುವ ಮೊದಲು ಹೇಳಿದ: “ಮಾಮಾ, ಮೊದಲ ಹೊರಗಿಂದು ನೋಡೋಣ್ರಿ, ಆಮ್ಯಾಲೆ ಒಳಗಿಂದು.” ವೈದ್ಯನು ನಾಡಿ ನೋಡದೆ ಶಸ್ತ್ರ ಹಿಡಿಯುವುದಿಲ್ಲವಷ್ಟೆ. ಈ ಕ್ರಮವೇ ನಮಗೆ ಮುಂದೆ ದಾರಿ ತೋರಿತು.

ಗೋಡೆಯ ಸಾಕೆಟ್ಟಿಗೆ ಮೇಜಿನ ದೀಪವನ್ನು ಸಿಕ್ಕಿಸಿ ನೋಡಿದೆವು, ವಿದ್ಯುತ್ತು ಬರುತ್ತಿತ್ತು. ತಂತಿಯನ್ನು ಬದಲಿಸಿದರೂ ಫಲವಾಗಲಿಲ್ಲ. ಯಂತ್ರದ ಹಿಂಬದಿಯಲ್ಲಿರುವ ಚಿಕ್ಕ ಸ್ವಿಚ್ಚು ತೆರೆದೇ ಇತ್ತು. ಹೀಗೆ ಹೊರಗಿನ ಕಾರಣಗಳು ಮುಗಿದ ಬಳಿಕ ತಂತಿ ಕಿತ್ತು, ಪೆಟ್ಟಿಗೆಯ ಪಕ್ಕದ ತಗಡನ್ನು ಬಿಚ್ಚಿದೆವು. ಹನ್ನೆರಡು ವರ್ಷದ ಧೂಳು ಹತ್ತಿಯಂತೆ ಕುಳಿತಿತ್ತು. ಅದನ್ನು ಮೃದುವಾದ ಕುಂಚದಿಂದ ತೆಗೆದೆವು. ಒಳಭಾಗಗಳನ್ನು ಮುಟ್ಟುವ ಮುನ್ನ ಪೆಟ್ಟಿಗೆಯ ಬರಿಯ ಲೋಹವನ್ನು ಒಮ್ಮೆ ಮುಟ್ಟಬೇಕು. ಇಲ್ಲವಾದರೆ ನಮ್ಮ ಮೈಯಲ್ಲಿ ಸೇರಿರುವ ಸ್ಥಾಯಿ ವಿದ್ಯುತ್ತು ಸೂಕ್ಷ್ಮ ಭಾಗಗಳನ್ನು ಕೆಡಿಸಬಹುದು.

ಮನೆಗೆ ಬರುವ 230 ವೋಲ್ಟಿನ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟುಗಳಿಗೆ ಇಳಿಸಿ ಕೊಡುವ ಪೆಟ್ಟಿಗೆಗೆ ಎಸ್‌ಎಂಪಿಎಸ್ ಎನ್ನುತ್ತಾರೆ. ಅದರಿಂದ ಬರುವ ಅಗಲವಾದ ಜೋಡಣೆಯಲ್ಲಿ ಹಸಿರು ತಂತಿ ಒಂದೇ ಒಂದು ಇರುತ್ತದೆ. ಆ ಜೋಡಣೆಯನ್ನು ಮುಖ್ಯ ಫಲಕದಿಂದ ಬಿಡಿಸಿ, ಹಸಿರು ತಂತಿಯನ್ನು ಕಪ್ಪು ತಂತಿಗೆ ಕೂಡಿಸಿದರೆ ಪೆಟ್ಟಿಗೆಯ ಫ್ಯಾನು ತಿರುಗಬೇಕು. ನಮ್ಮದು ತಿರುಗಲಿಲ್ಲ. ಅಲ್ಲಿಗೆ ಮೊದಲ ದೋಷ ತಿಳಿಯಿತು. ಇಲ್ಲಿ ಒಂದು ಎಚ್ಚರಿಕೆಯ ಮಾತು: ಅನುಭವವಿಲ್ಲದವರು ಈ ಪರೀಕ್ಷೆಯನ್ನು ಬಲ್ಲವರಿಂದಲೇ ಮಾಡಿಸಬೇಕು, ಆ ಪೆಟ್ಟಿಗೆಯನ್ನಂತೂ ಮನೆಯಲ್ಲಿ ಯಾರೂ ಬಿಚ್ಚಬಾರದು. ಅದರೊಳಗಿನ ದೊಡ್ಡ ಕೆಪಾಸಿಟರುಗಳಲ್ಲಿ, ತಂತಿ ಕಿತ್ತ ಮೇಲೂ, ಪ್ರಾಣಕ್ಕೆ ಎರವಾಗುವಷ್ಟು ವಿದ್ಯುತ್ತು ಉಳಿದಿರಬಹುದು. ಕೆಟ್ಟರೆ ಇಡಿಯಾಗಿ ಬದಲಿಸುವುದೇ ಲೇಸು. ಹಳೆಯ ಸಾಮಾನು ಮಾರುವವರಲ್ಲಿ ನಮಗೆ ಅಂಥದೊಂದು ಪೆಟ್ಟಿಗೆ ದೊರೆಯಿತು.

ಈಗ ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪಾಗಿಯೇ ಇತ್ತು. ಒಳಗಿನಿಂದ ದೀರ್ಘವಾದ ಸದ್ದು ಬಿಟ್ಟು ಬಿಟ್ಟು ಕೇಳತೊಡಗಿತು. ಅವ್ವ ಗಾಬರಿಗೊಂಡರು, ಹುಡುಗ ನಕ್ಕ. ಮಾತು ಬಾರದ ಯಂತ್ರ ತನ್ನ ನೋವನ್ನು ಹೇಳುವ ಬಗೆ ಅದು. ಸದ್ದುಗಳ ಅರ್ಥವು ತಯಾರಕರಿಂದ ತಯಾರಕರಿಗೆ ಬೇರೆಯಾದರೂ, ಹೀಗೆ ಮರುಕಳಿಸುವ ದೀರ್ಘ ಸದ್ದು ಅನೇಕ ಯಂತ್ರಗಳಲ್ಲಿ ಸ್ಮೃತಿಫಲಕದ, ಎಂದರೆ ರ‍್ಯಾಮಿನ, ದೋಷವನ್ನು ಸೂಚಿಸುತ್ತದೆ. ವಿದ್ಯುತ್ತು ತೆಗೆದು ಆ ಪಟ್ಟಿಯನ್ನು ಹೊರತೆಗೆದೆವು. ಅದರ ಅಂಚಿನ ಹೊಂಬಣ್ಣದ ಹಲ್ಲುಗಳು ಮಂಕಾಗಿದ್ದವು. ಮಕ್ಕಳ ರಬ್ಬರಿನಿಂದ ಮೆಲ್ಲನೆ ಉಜ್ಜಿ, ಒರೆಸಿ, ಎರಡೂ ಬದಿಯ ಕೊಂಡಿಗಳು ಬೀಳುವಂತೆ ಮತ್ತೆ ಕೂರಿಸಿದೆವು. ಪರದೆಯ ಮೇಲೆ ಅಕ್ಷರಗಳು ಮೂಡಿದವು!

ಯಂತ್ರ ತೋರಿದ ದಿನಾಂಕ 2002ರ ಜನವರಿ 1. ಮುಖ್ಯ ಫಲಕದ ಮೇಲೆ ನಾಣ್ಯದಾಕಾರದ 3 ವೋಲ್ಟಿನ ಬ್ಯಾಟರಿಯೊಂದು ಇರುತ್ತದೆ; ಅದರ ಹೆಸರು ಸಿಆರ್ 2032. ಯಂತ್ರ ಮಲಗಿದ್ದಾಗಲೂ ಗಡಿಯಾರವನ್ನು ನಡೆಸುವುದು ಅದರ ಕೆಲಸ. ಅದು ಬರಿದಾದಾಗ ಯಂತ್ರವು ತನ್ನ ಹುಟ್ಟಿನ ಕಾಲಕ್ಕೆ ಹಿಂದಿರುಗುತ್ತದೆ. ಬ್ಯಾಟರಿ ಬರಿದಾದರೆ ಬರಹವೂ ಅಳಿದೀತೆಂದು ಹಲವರು ಅಂಜುತ್ತಾರೆ. ಆ ಅಂಜಿಕೆ ಬೇಡ. ಹಾರ್ಡ್ ಡಿಸ್ಕಿನ ಬರಹವು ಕಾಂತಶಕ್ತಿಯಿಂದ ಉಳಿದಿರುತ್ತದೆ. ಅದಕ್ಕೆ ಬ್ಯಾಟರಿಯ ಹಂಗಿಲ್ಲ.

ಬ್ಯಾಟರಿ ಬದಲಿಸಿದ ಮೇಲೆ ವಿಂಡೋಸ್ ಎಕ್ಸ್‌ಪಿಯ ಗುರುತು ಕಾಣಿಸಿತು, ಮರುಕ್ಷಣವೇ ಯಂತ್ರ ಆರಿ ತಾನಾಗಿ ಮತ್ತೆ ಹೊತ್ತಿತು. ಮೂರು ಸಲ ಹೀಗೆಯೇ ಆಯಿತು. ಹುಡುಗ ಬ್ಯಾಟರಿಯ ಬೆಳಕು ಹಿಡಿದು ಸಂಸ್ಕಾರಕದ ಸುತ್ತ ನೋಡಿದ. ಅಲ್ಲಿ ಸಾಲಾಗಿ ನಿಂತ ಚಿಕ್ಕ ಡಬ್ಬಿಗಳಂತಹ ಕೆಪಾಸಿಟರುಗಳ ನೆತ್ತಿ ಚಪ್ಪಟೆಯಾಗಿರಬೇಕಾಗಿತ್ತು. ಐದರ ನೆತ್ತಿ ಉಬ್ಬಿತ್ತು. ಒಂದರಿಂದ ಕಂದು ಬಣ್ಣದ ದ್ರವ ಒಸರಿ ಒಣಗಿತ್ತು. 2000ದ ನಂತರದ ಕೆಲವು ವರ್ಷಗಳಲ್ಲಿ ತಯಾರಾದ ಅನೇಕ ಯಂತ್ರಗಳಲ್ಲಿ ಈ ದೋಷವು ಜಗತ್ತಿನಾದ್ಯಂತ ಕಂಡುಬಂದಿತ್ತು. ಒಳಗಿನ ದ್ರವ ಕೆಟ್ಟರೆ ಅವು ವಿದ್ಯುತ್ತನ್ನು ಸಮನಾಗಿ ಹಿಡಿದು ಕೊಡಲಾರವು.

ಇಲ್ಲಿ ವಿವೇಕದ ಪ್ರಶ್ನೆಯೊಂದು ಎದುರಾಯಿತು. ಬಲ್ಲವರಿಂದ ಬೆಸುಗೆ ಹಾಕಿಸಿ ಯಂತ್ರವನ್ನು ಎಬ್ಬಿಸಬಹುದಿತ್ತು. ಅದುವರೆಗೆ ಮೇಲಿಂದ ಮೇಲೆ ಹೊತ್ತಿಸುತ್ತ ಹೋದರೆ ಡಿಸ್ಕಿಗೇ ಧಕ್ಕೆ ತಗಲುವ ಸಂಭವವಿತ್ತು. ನಮಗೆ ಬೇಕಾದದ್ದು ಬರಹ. ಆದ್ದರಿಂದ ಎಬ್ಬಿಸುವ ಪ್ರಯತ್ನವನ್ನು ಅಲ್ಲಿಗೇ ನಿಲ್ಲಿಸಿದೆವು. ನಾಲ್ಕು ತಿರುಪು ಬಿಚ್ಚಿ ಹಾರ್ಡ್ ಡಿಸ್ಕನ್ನು ಹೊರತೆಗೆದು, ಅಂತಹ ಹಳೆಯ ಐಡಿಇ ಡಿಸ್ಕನ್ನು ಯುಎಸ್‌ಬಿಗೆ ಕೂಡಿಸುವ ತಂತಿಯ ಮೂಲಕ ಬೇರೊಂದು ಗಣಕಯಂತ್ರಕ್ಕೆ ಜೋಡಿಸಿದೆವು. ಡಿಸ್ಕು ಸಣ್ಣಗೆ ಗುನುಗಿ ತಿರುಗತೊಡಗಿತು. ಅದರಿಂದ ಕಟಕಟ ಸದ್ದು ಬಂದಿದ್ದರೆ ಒಡನೆ ನಿಲ್ಲಿಸಿ ಪರಿಣತರಿಗೆ ಒಪ್ಪಿಸಬೇಕಾಗುತ್ತಿತ್ತು. ‘ನಮ್ಮೂರು’ ಎಂಬ ಹೆಸರಿನ ಕಡತವು ಕಣ್ಣಿಗೆ ಬಿತ್ತು.

ತೆರೆದು ನೋಡಿದರೆ ಒಂದಕ್ಷರವೂ ಕನ್ನಡವಲ್ಲ! ರೋಮನ್ ಅಕ್ಷರಗಳ ತಲೆಯ ಮೇಲೆ ಗೆರೆ ಚುಕ್ಕೆಗಳಿದ್ದ ಅರ್ಥವಿಲ್ಲದ ಸಾಲುಗಳು. ಇದು ರೋಗವಲ್ಲವೆಂದು ಹುಡುಗ ಸಮಾಧಾನ ಹೇಳಿದ. ಅಂದಿನ ನುಡಿಯ ಅಕ್ಷರಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಜಾಗದಲ್ಲಿ ಕುಳಿತಿರುತ್ತಿದ್ದವು. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಅವು ಹೀಗೆ ಕಾಣುತ್ತವೆ. ಇಂದು ನಾವು ಬಳಸುವ ಯುನಿಕೋಡಿನಲ್ಲಿ ಕನ್ನಡಕ್ಕೆ ಅದರದೇ ಸ್ಥಾನವಿದೆ. ಹಳೆಯ ಬರಹವನ್ನು ಯುನಿಕೋಡಿಗೆ ಮಾರ್ಪಡಿಸುವ ಪರಿವರ್ತಕಗಳೂ ಇವೆ. ಅಂಥದೊಂದರಲ್ಲಿ ಹಾಯಿಸಿದೊಡನೆ ತಂದೆಯವರ ವಾಕ್ಯಗಳು ಒಂದೊಂದಾಗಿ ಬೆಳಗಿದವು. ಕೆಲವು ಒತ್ತಕ್ಷರಗಳು ಸ್ಥಾನ ತಪ್ಪಿದ್ದವು. ಅವನ್ನು ಕೈಯಿಂದ ತಿದ್ದಿದೆವು.

ಒಂದು ತಿಂಗಳ ಕಾಲ ಪ್ರತಿ ಸಂಜೆ ನಾನು ಓದಿದೆ, ಅವ್ವ ಕೇಳಿದರು. ಒಂದು ದಿನ ತಡೆದು, “ಆ ಬಾಂವಿಗೆ ಹಿಂಗ ಅಂತಿದ್ದವರು ಗಂಡಸರು. ನೀರು ತರಾಕ ಹೋಗೂ ನಾವು ಸೊಸಿ ಬಾಂವಿ ಅಂತಿದ್ವಿ” ಎಂದರು. ಆ ಹೆಸರನ್ನು ಪುಟದ ಅಡಿಯಲ್ಲಿ ಸೇರಿಸಿದೆ. ಹೀಗೆ ಅವ್ವ ಹೇಳಿದ ಮಾತುಗಳೇ ಹದಿನೇಳು ಪುಟವಾದವು. ನೀರಿನ ಕೆಳಗಿರುವ ಊರಿನ ಅರ್ಧ ನೆನಪು ಡಿಸ್ಕಿನಲ್ಲಿತ್ತು. ಉಳಿದರ್ಧ ಅವ್ವನ ಬಳಿಯಲ್ಲಿತ್ತು. ಡಿಸ್ಕು ಗುಜರಿಗೆ ಹೋಗಿದ್ದರೆ ಎರಡೂ ಕೂಡುತ್ತಿರಲಿಲ್ಲ.

ಈಗ ಆ ಬರಹದ ಒಂದು ಪ್ರತಿ ನಮ್ಮ ಗಣಕಯಂತ್ರದಲ್ಲಿ, ಒಂದು ಬೇರೆ ಡಿಸ್ಕಿನಲ್ಲಿ, ಒಂದು ಅಕ್ಕನ ಮನೆಯಲ್ಲಿದೆ. ಕಾಗದದ ಮೇಲೆ ಮುದ್ರಿಸಿ ಹೊಲಿಸಿದ ಪುಸ್ತಕವೂ ಇದೆ. ಪೆನ್ ಡ್ರೈವೊಂದನ್ನೇ ನಂಬಿ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಇಡುವುದು ಕ್ಷೇಮವಲ್ಲ.

ನಿಮ್ಮ ಮನೆಯ ಮೂಲೆಯಲ್ಲಿಯೂ ಏಳದ ಯಂತ್ರವೊಂದು ಇದ್ದೀತು. ಅದರಲ್ಲಿ ಮದುವೆಯ ಚಿತ್ರಗಳು, ಹಿರಿಯರ ಲೆಕ್ಕಪತ್ರ, ಹೊಲದ ಕಾಗದಗಳ ನಕಲು ಇದ್ದಾವು. ಹೊರಗಿನದನ್ನು ಮೊದಲು, ಒಳಗಿನದನ್ನು ಬಳಿಕ ನೋಡಿರಿ. ಯಂತ್ರವನ್ನು ಉಳಿಸಲಾಗದಿದ್ದರೆ ಡಿಸ್ಕನ್ನಾದರೂ ಉಳಿಸಿರಿ. ಅದರೊಳಗಿನ ಕಾಲವನ್ನು ಕಂಡ ಹಿರಿಯರು ಮನೆಯಲ್ಲಿದ್ದರೆ ಈ ಕೆಲಸವನ್ನು ಬರುವ ರಜೆಗೆ ಮುಂದೂಡದೆ ಈ ವಾರವೇ ಕೈಗೆತ್ತಿಕೊಳ್ಳಿರಿ.